ಕ್ವಾಂಟಂ ಓದಲು ಮೊದಲು ಯಾವ ಪುಸ್ತಕ? ಫೈನ್‌ಮನ್, ಮಂಜಿತ್ ಕುಮಾರ್, ಫಿಲಿಪ್ ಬಾಲ್

ವಿಜಯಪುರ, ಬಾಗಲಕೋಟೆ ಕಡೆ ವಿಜ್ಞಾನ ಓದಿದವರಿಗೆ ಕ್ವಾಂಟಂ (ಎಲೆಕ್ಟ್ರಾನ್, ಬೆಳಕಿನಂಥ ಅತಿಸೂಕ್ಷ್ಮ ಕಣಗಳ ಭೌತವಿಜ್ಞಾನ) ಎಂದರೆ ಪಿಯುಸಿ ಎರಡನೇ ವರ್ಷದ ದ್ಯುತಿವಿದ್ಯುತ್ ಪರಿಣಾಮ, ಅದರ ಮೇಲೆ ಒಂದೆರಡು ಲೆಕ್ಕ. ಮುಂದೇನು ಓದೋಣ ಎಂದರೆ ಈ ಮೂರು ಇಂಗ್ಲಿಷ್ ಪುಸ್ತಕಗಳನ್ನು ಹೇಳಬಹುದು. ಮೂರೂ ಒಳ್ಳೆಯವೇ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಮಂಜಿತ್ ಕುಮಾರ್ ಅವರ ‘ಕ್ವಾಂಟಂ’ (2008) ಅಪ್ಪಟ ಇತಿಹಾಸ. ಕ್ವಾಂಟಂ ಕಲ್ಪನೆ ತಂದ 1900ರ ಪ್ಲಾಂಕ್‌ನಿಂದ ಹಿಡಿದು 1927ರ ಸಾಲ್ವೆ ಸಮ್ಮೇಳನ (ಭೌತವಿಜ್ಞಾನಿಗಳ ಕೂಟ), ಕ್ವಾಂಟಂನ ಅರ್ಥದ ಬಗ್ಗೆ ಐನ್‌ಸ್ಟೈನ್–ಬೋರ್ ಜಟಾಪಟಿ, ಎಲ್ಲವೂ ಕಾದಂಬರಿಯ ಹಾಗೆ ಓಡುತ್ತದೆ. ಪುಸ್ತಕ ದಪ್ಪ, ಓದು ಹಗುರ. ಕೊರತೆ ಏನೆಂದರೆ, ಮುಗಿಸಿದ ಮೇಲೆ ಯಾರು ಯಾರಿಗೆ ಏನೆಂದರು ಎಂಬುದು ನೆನಪಿರುತ್ತದೆ, ಎಲೆಕ್ಟ್ರಾನಿನ ನಡತೆ ಲೆಕ್ಕಕ್ಕೆ ಸಿಗುವುದಿಲ್ಲ.

ಫೈನ್‌ಮನ್‌ರ ‘ಕ್ಯೂಇಡಿ’ (1985; ಕ್ವಾಂಟಂ ಎಲೆಕ್ಟ್ರೋಡೈನಮಿಕ್ಸ್, ಅಂದರೆ ಬೆಳಕು–ಎಲೆಕ್ಟ್ರಾನ್ ಒಡನಾಟದ ಸಿದ್ಧಾಂತ) ಇದಕ್ಕೆ ತದ್ವಿರುದ್ಧ. ನಾಲ್ಕೇ ಉಪನ್ಯಾಸ, ತೆಳ್ಳಗಿನ ಪುಸ್ತಕ. ಆದರೆ ಪೆನ್ಸಿಲ್ ಇಲ್ಲದೆ ಕೂತರೆ ಓದಿದ್ದು ದಕ್ಕುವುದಿಲ್ಲ. ಉದಾಹರಣೆಗೆ, ಗಾಜಿನ ಒಂದು ಮೇಲ್ಮೈಗೆ ಬಿದ್ದ 100 ಫೋಟಾನ್‌ಗಳಲ್ಲಿ (ಬೆಳಕಿನ ಕಣ) ಸುಮಾರು 4 ಹಿಂದಿರುಗುತ್ತವೆ. ಗಾಜಿಗೆ ಎರಡು ಮೇಲ್ಮೈ ಇದ್ದರೆ 8 ಆಗಬೇಕಿತ್ತಲ್ಲ? ಆಗುವುದಿಲ್ಲ. ಗಾಜಿನ ದಪ್ಪಕ್ಕೆ ತಕ್ಕಂತೆ 0ಯಿಂದ 16ರವರೆಗೆ ಏರಿಳಿಯುತ್ತದೆ. ಫೈನ್‌ಮನ್ ಇದನ್ನು ಬಾಣ ಬರೆದು ತೋರಿಸುತ್ತಾರೆ: ಒಂದೊಂದು ಮೇಲ್ಮೈಗೂ 0.2 ಉದ್ದದ ಬಾಣ. ಎರಡೂ ಒಂದೇ ದಿಕ್ಕಿಗಿದ್ದರೆ ಮೊತ್ತ 0.4, ಅದರ ವರ್ಗ 0.16, ಅಂದರೆ 100ಕ್ಕೆ 16. ಎದುರುಬದುರಾದರೆ ಸೊನ್ನೆ.

ಎಡವುವ ಜಾಗ ಎರಡು. ಮೊದಲನೆಯದು, ಬಾಣ ಕೂಡಿಸುವ ಮೊದಲೇ ವರ್ಗ ಮಾಡಿಬಿಡುವುದು. ಹಾಗೆ ಮಾಡಿದರೆ ಮತ್ತೆ ಅದೇ 8. ಎರಡನೆಯದು, ಬೆಳಕು ಮೊದಲು ಬೀಳುವ ಮೇಲ್ಮೈಯಿಂದ ಬಂದ ಬಾಣವನ್ನು ಎದುರು ದಿಕ್ಕಿಗೆ ತಿರುಗಿಸಿ ಇಡಬೇಕೆಂಬುದನ್ನು ಮರೆಯುವುದು. ಮರೆತರೆ ತೀರಾ ತೆಳುವಾದ ಗಾಜಿಗೆ 0 ಬರುವ ಬದಲು 16 ಬರುತ್ತದೆ. ಈ ಎರಡನ್ನು ಕೈಯಾರೆ ಬಿಡಿಸಿದವರಿಗೆ ಉಳಿದ ಪುಸ್ತಕ ಸಲೀಸು, ಕೊನೆಯ ಉಪನ್ಯಾಸದ, ಪ್ರೋಟಾನಿನೊಳಗಿನ ಕ್ವಾರ್ಕ್‌ಗಳ ಸಂತೆ ಬಿಟ್ಟು. ಅದನ್ನು ಹಾರಿಸಿದರೂ ನಷ್ಟವಿಲ್ಲ. ಆದರೆ ಷ್ರೋಡಿಂಗರ್‌ನ ಬೆಕ್ಕು (ಏಕಕಾಲಕ್ಕೆ ಸತ್ತೂ ಬದುಕಿಯೂ ಇರುವ ಕಾಲ್ಪನಿಕ ಬೆಕ್ಕು), ದೂರವಿದ್ದೂ ಒಂದಕ್ಕೊಂದು ಹೆಣೆದುಕೊಂಡ ಜೋಡಿ ಕಣಗಳು ಬೇಕೆನ್ನುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ.

ಅದಕ್ಕೇ ಫಿಲಿಪ್ ಬಾಲ್‌ರ ‘ಬಿಯಾಂಡ್ ವಿಯರ್ಡ್’ (2018). ಇತಿಹಾಸ ಕಡಿಮೆ, ತರ್ಕ ಜಾಸ್ತಿ. ಬೆಕ್ಕಿನಂಥ ದೊಡ್ಡ ವಸ್ತು ಏಕಕಾಲಕ್ಕೆ ಎರಡು ಸ್ಥಿತಿಯಲ್ಲಿ ಕಾಣದಿರುವುದಕ್ಕೆ ಗಾಳಿಯ ಅಣು, ಬೆಳಕಿನ ಕಣಗಳ ಜೊತೆ ಅದು ಹೆಣೆದುಕೊಳ್ಳುವುದೇ ಕಾರಣವೆಂಬ ಡಿಕೋಹೆರೆನ್ಸ್ ವಿವರಣೆ ಈ ಮೂರರಲ್ಲಿ ಇಲ್ಲೇ ಚೊಕ್ಕವಾಗಿದೆ. ಇಂಗ್ಲಿಷ್ ಮಾತ್ರ ಕೊಂಚ ಗಡುಸು, ಒಂದು ಪ್ಯಾರಾ ಎರಡು ಸಲ ಓದಬೇಕಾಗುತ್ತದೆ.

ನಮ್ಮ ಆಯ್ಕೆ ಫೈನ್‌ಮನ್ ಮೊದಲು, ಬಾಲ್ ಆಮೇಲೆ. ಲೆಕ್ಕ ಕಂಡರೆ ಆಗದವರು ಕುಮಾರ್‌ರಿಂದ ಶುರು ಮಾಡಲಿ.

ಬೆಳಗಾವಿಯ ಅಂಗಡಿಯಲ್ಲೋ ಆನ್‌ಲೈನ್ ಪುಟದಲ್ಲೋ ಬೇರೆ ಪುಸ್ತಕ ಕಣ್ಣಿಗೆ ಬಿದ್ದರೆ ಮೊದಲು ಹಿಂದಿನ ಪದಸೂಚಿ ನೋಡಿ. ಭೌತವಿಜ್ಞಾನಿ ಜಾನ್ ಬೆಲ್ ಹೆಸರಿದೆಯೇ? ಹೆಣೆದುಕೊಂಡ ಜೋಡಿ ಕಣಗಳ ಬಗೆಗಿನ ಆತನ 1964ರ ಪ್ರಮೇಯವನ್ನು ಪ್ರಯೋಗಕ್ಕೆ ಒಡ್ಡಿದ್ದಕ್ಕೇ ಮುಖ್ಯವಾಗಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂದದ್ದು. ಆಮೇಲೆ ಅನಿಶ್ಚಿತತೆಯ ಪುಟ ತೆರೆಯಿರಿ. ‘ಅಳೆಯಲು ಹೋದರೆ ಕಣ ಅಲುಗಾಡುತ್ತದೆ, ಅಷ್ಟೇ’ ಎಂದು ಮುಗಿಸಿದ್ದರೆ ವಾಪಸ್ ಇಡಿ. ಸ್ಥಾನ, ಸಂವೇಗ ಎರಡೂ ಖಚಿತವಾಗಿರುವ ಸ್ಥಿತಿಯೇ ಕ್ವಾಂಟಂನಲ್ಲಿ ಇಲ್ಲ, ಅಳೆದರೂ ಅಳೆಯದಿದ್ದರೂ. ಮನಸ್ಸಿನ ಶಕ್ತಿಯಿಂದ ಕಣ ಬದಲಾಗುತ್ತದೆ ಎನ್ನುವ ಪುಸ್ತಕಕ್ಕಂತೂ ದುಡ್ಡು ಹಾಕಬೇಡಿ.

ಪಿಯುಸಿಯ ಮ್ಯಾಟ್ರಿಕ್ಸ್, ಸಂಕೀರ್ಣ ಸಂಖ್ಯೆ ಇನ್ನೂ ಮರೆತಿಲ್ಲದವರಿಗೆ ಸಸ್ಕಿಂಡ್ ಮತ್ತು ಫ್ರೀಡ್‌ಮನ್‌ರ ಕ್ವಾಂಟಂ ಮೆಕ್ಯಾನಿಕ್ಸ್ ಪುಸ್ತಕ (2014) ಬೇರೆಯೇ ದಾರಿ. ಸ್ಪಿನ್‌ನಿಂದಲೇ (ಕಣದ ಒಂದು ಸಹಜ ಗುಣ) ಶುರು, ಮೊದಮೊದಲಿಗೆ 2×2 ಮ್ಯಾಟ್ರಿಕ್ಸ್ ಸಾಕು. ಮುಂದಿನ ಅಧ್ಯಾಯಗಳಿಗೆ ಕಲನಶಾಸ್ತ್ರವೂ ಬೇಕು.