ಮಾವನ ಫಿಯಟ್ಟಿಗೆ ಹಳೆಯ ಪೋಸ್ಟರಿನ ಕಳೆ: ಫೋಟೋಶಾಪ್, ಗಿಂಪ್, ಇಂಕ್‌ಸ್ಕೇಪ್ ಮೂರರಲ್ಲೂ ಬರೆದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಈ ಮೂರು ತಂತ್ರಾಂಶಗಳಲ್ಲಿ ನನ್ನ ಓಟು ಇಂಕ್‌ಸ್ಕೇಪಿಗೆ. ಗಿಂಪಿನಲ್ಲಿ ಎರಡು ವಾರ ಕೂತು ಮಾಡಿದ ಚಿತ್ರ ಮುದ್ರಣದಲ್ಲಿ ಕೆಟ್ಟಿತು. ಕೊಟ್ಟ ದುಡ್ಡೂ ಹೋಯಿತು. ಸಮಾರಂಭಕ್ಕೆ ನಾಲ್ಕೇ ದಿನ ಉಳಿದಿದ್ದಾಗ ಇಂಕ್‌ಸ್ಕೇಪಿನಲ್ಲಿ ಮೊದಲಿನಿಂದ ಬರೆದು ಮುಗಿಸಿದೆ. ಹಾಗಾಗಿ ನಾನು ತಟಸ್ಥನಾಗಿ ಬರೆಯುತ್ತಿದ್ದೇನೆ ಎಂದು ಯಾರೂ ಭಾವಿಸಬೇಕಿಲ್ಲ.

ಸಂದರ್ಭ, ತುಮಕೂರಿನಲ್ಲಿ ಸೋದರಮಾವನ ಭೀಮರಥ ಶಾಂತಿ. ಅವರು ಇಪ್ಪತ್ತು ವರ್ಷ ಓಡಿಸಿದ ಕೆನೆ ಬಣ್ಣದ ಪ್ರೀಮಿಯರ್ ಪದ್ಮಿನಿಯನ್ನು ದೇವರಾಯನದುರ್ಗದ ತಿರುವಿನಲ್ಲಿ ನಿಲ್ಲಿಸಿ, ಹಿಂದೆ ಬಂಡೆಗುಡ್ಡ ಇಟ್ಟು, ಹಳೆಯ ಪ್ರವಾಸಿ ಪೋಸ್ಟರಿನಂತೆ ಬರೆದುಕೊಡಬೇಕೆಂಬ ಆಸೆ ನನ್ನದು. 1964ರಲ್ಲಿ ಈ ಕಾರು ಬಂದದ್ದು ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ. ಪದ್ಮಿನಿ ಎಂಬ ಹೆಸರು ಎಪ್ಪತ್ತರ ದಶಕದ್ದು. ನಮ್ಮ ಮನೆಯಲ್ಲಿ ಮಾತ್ರ ಅದು ಕೊನೆಯವರೆಗೂ ಫಿಯಟ್ಟೇ.

ಹಳೆಯ ಪೋಸ್ಟರಿನ ಕಳೆ ಬರುವುದು ಕಡಿಮೆ ಬಣ್ಣದಿಂದ. ನಾನು ಇಟ್ಟುಕೊಂಡದ್ದು ನಾಲ್ಕೇ: ಕೆನೆ, ಇಟ್ಟಿಗೆ ಕೆಂಪು, ಅರಿಶಿನ, ಕಪ್ಪಿಗೆ ಹತ್ತಿರದ ಹಸಿರು. ಬಿಳಿ ಎಲ್ಲೂ ಇಲ್ಲ, ಕಾಗದದ ಕೆನೆಯೇ ಬಿಳಿಯ ಕೆಲಸ ಮಾಡುತ್ತದೆ. ಇನ್ನು ಬಂಪರಿನ ಕ್ರೋಮ್. ಹೊಳಪು ತರಲೆಂದು ಬೂದು ಬಣ್ಣವನ್ನು ನಯವಾಗಿ ಇಳಿಸುತ್ತಾ ಹೋದರೆ ಚಿತ್ರ ಆ ಕ್ಷಣವೇ ಇಂದಿನದಾಗಿಬಿಡುತ್ತದೆ. ಕ್ರೋಮಿಗೆ ಸ್ವಂತ ಬಣ್ಣವಿಲ್ಲ. ಅದರ ಮೇಲರ್ಧದಲ್ಲಿ ಆಕಾಶ, ಕೆಳಗಿನ ಅರ್ಧದಲ್ಲಿ ನೆಲ, ನಡುವೆ ದಿಗಂತದ ಕಪ್ಪು ಗೆರೆ. ಇಷ್ಟನ್ನು ಮೂರು ಚಪ್ಪಟೆ ಪಟ್ಟಿಗಳಾಗಿ, ಕತ್ತರಿಯಲ್ಲಿ ಕತ್ತರಿಸಿದಂಥ ಅಂಚಿನಲ್ಲಿ ಇಟ್ಟರೆ ಬಂಪರ್ ತಾನಾಗಿ ಹೊಳೆಯುತ್ತದೆ. ಪದ್ಮಿನಿಯ ಹೆಡ್‌ಲೈಟಿನ ಮೇಲಿರುವ ಹುಬ್ಬಿಗೂ ಇದೇ ಉಪಾಯ.

ಫೋಟೋಶಾಪನ್ನು ಏಳು ದಿನದ ಉಚಿತ ಅವಧಿಯಲ್ಲಿ ಬಳಸಿದೆ. ಅದರ ಶಕ್ತಿಯ ಬಗ್ಗೆ ಎರಡು ಮಾತಿಲ್ಲ. ಸವೆದ ಕಾಗದದ ಫೋಟೊವನ್ನು ಚಿತ್ರದ ಮೇಲೆ ಹೊದಿಸಿ ಮಲ್ಟಿಪ್ಲೈ ಮಾಡಿದೊಡನೆ, ಅಂದರೆ ಮೇಲಿನ ಕಲೆ ಕೆಳಗಿನ ಬಣ್ಣದಲ್ಲಿ ಗಾಢವಾಗಿ ಬೆರೆಯುವಂತೆ ಮಾಡಿದೊಡನೆ, ಐವತ್ತು ವರ್ಷ ಗೋಡೆಯ ಮೇಲಿದ್ದ ಪೋಸ್ಟರಿನಂತೆ ಕಂಡಿತು. ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣದಲ್ಲಿ ನೇರವಾಗಿ ಕೆಲಸ ಮಾಡಬಹುದು. ಆದರೆ 2013ರಿಂದೀಚೆಗೆ ಹೊಸ ಆವೃತ್ತಿಗಳೆಲ್ಲ ಚಂದಾ ಲೆಕ್ಕದಲ್ಲೇ ಸಿಗುವುದು. ನಾನು ಚಿತ್ರಕಲಾ ಶಿಕ್ಷಕ, ವರ್ಷಕ್ಕೆ ಇಂಥ ಮೂರೋ ನಾಲ್ಕೋ ಚಿತ್ರ ಮಾಡುವವನು. ತಿಂಗಳು ತಿಂಗಳು ಬಾಡಿಗೆ ಕಟ್ಟಲು ನನಗೆ ಆಗುವುದಿಲ್ಲ. ಕದ್ದ ಪ್ರತಿ ಹಾಕಿಕೊಡುತ್ತೇವೆ ಎಂದವರು ಇದ್ದರು. ಮಕ್ಕಳಿಗೆ ಪಾಠ ಹೇಳುವ ಕಂಪ್ಯೂಟರಿನಲ್ಲಿ ಅದು ನನಗೆ ಬೇಡವಾಗಿತ್ತು.

ಹೀಗೆ ಗಿಂಪಿಗೆ ಬಂದೆ. ಉಚಿತ, ಹಗುರ, ಪದರಗಳ ಕೆಲಸ ಸುಲಭ. ಕೆಂಪು ಪದರವನ್ನು ಒಂದು ಮಿಲಿಮೀಟರ್ ಬಲಕ್ಕೆ ಸರಿಸಿದರೆ ಸಾಕು, ಹಳೆಯ ಮುದ್ರಣದಲ್ಲಿ ಬಣ್ಣ ಗೆರೆಯಿಂದ ಆಚೆ ಜಾರಿದಂತೆ ಕಾಣುತ್ತಿತ್ತು. ಗಿಂಪಿನಲ್ಲಿ ಚಿತ್ರವೆಂದರೆ ಪಿಕ್ಸೆಲ್ ಎಂಬ ಪುಟ್ಟ ಬಣ್ಣದ ಚೌಕಗಳ ಸಾಲು. ಎ3 ಅಳತೆ, 300 ಡಿಪಿಐ (ಇಂಚಿಗೆ 300 ಪಿಕ್ಸೆಲ್), ಅಂದರೆ 3508 ಅಡ್ಡ 4961 ಪಿಕ್ಸೆಲ್. ಕೊನೆಗೆ ನ್ಯೂಸ್‌ಪ್ರಿಂಟ್ ಫಿಲ್ಟರ್ ಹಾಕಿ ಬಾನೆಟ್ಟಿನ ನೆರಳನ್ನು ಚುಕ್ಕಿಗಳಾಗಿ ಒಡೆದೆ. ಪರದೆಯ ಮೇಲೆ ನೋಡಿ ನನಗೇ ಹೆಮ್ಮೆಯಾಯಿತು.

ತೊಂದರೆ ಅಲ್ಲಿಂದ ಶುರುವಾಯಿತು. ಅತ್ತೆ ಆರಿಸಿದ ಚೌಕಟ್ಟು ಎ2. ಮುದ್ರಣದವರು ಕಡತವನ್ನು ಹಿಗ್ಗಿಸಿ ಮುದ್ರಿಸಿಕೊಟ್ಟರು. ಮನೆಗೆ ತಂದು ಬಿಚ್ಚಿದರೆ ಬಾನೆಟ್ಟಿನ ತುಂಬ ಚೌಕುಳಿ! ಹತ್ತಿರದಿಂದ ನೋಡಿದರೆ ಚುಕ್ಕಿಗಳಿದ್ದವು, ಅಂಚು ಮಾತ್ರ ಮಂಕು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಚುಕ್ಕಿ ಮಾಯವಾಗಿ, ಲುಂಗಿಯ ಚೌಕದಂತೆ ಗಾಢ ಪಟ್ಟೆ, ತೆಳು ಪಟ್ಟೆ ಅಡ್ಡಡ್ಡ ಎದ್ದು ಕಾಣುತ್ತಿದ್ದವು. ಇದಕ್ಕೆ ಮ್ವಾರೆ ಎನ್ನುತ್ತಾರೆ.

ಕಾರಣ ತಿಳಿಯಲು ಒಂದು ರಾತ್ರಿ ಹಿಡಿಯಿತು. ಎ3 ಎ2 ಆಗಬೇಕಾದರೆ ಪ್ರತಿ ಬದಿ ಸುಮಾರು 1.41 ಪಟ್ಟು ಬೆಳೆಯಬೇಕು. ಎರಡು ಪಟ್ಟಾಗಿದ್ದರೆ ಒಂದು ಪಿಕ್ಸೆಲ್ ಇದ್ದ ಜಾಗಕ್ಕೆ ನಾಲ್ಕು ಬಂದು ಕೂರುತ್ತಿದ್ದವು, ಲೆಕ್ಕ ಸರಿಹೋಗುತ್ತಿತ್ತು. 1.41ಕ್ಕೆ ಆ ಭಾಗ್ಯವಿಲ್ಲ. ಒಂದು ಚುಕ್ಕಿ ಪಿಕ್ಸೆಲಿನ ಗೆರೆಗೆ ಸರಿಯಾಗಿ ಕೂತರೆ ಪಕ್ಕದ್ದು ಅರ್ಧ ಆಚೆ ಚಾಚುತ್ತದೆ, ಅದರಾಚೆಯದು ಇನ್ನಷ್ಟು. ಕೆಲವು ಚುಕ್ಕಿ ದಪ್ಪ, ಕೆಲವು ಸಣಕಲು. ಆ ಏರುಪೇರು ಒಂದೇ ಅಂತರದಲ್ಲಿ ಮರುಕಳಿಸುವುದರಿಂದ ಪಟ್ಟೆ ಏಳುತ್ತದೆ. ಸಾಲದ್ದಕ್ಕೆ ಮುದ್ರಣ ಯಂತ್ರವೂ ಬಣ್ಣ ಬೆರೆಸಲು ತನ್ನದೇ ಸಣ್ಣ ಚುಕ್ಕಿ ಹಾಕುತ್ತದೆ. ನನ್ನ ಚುಕ್ಕಿ ಸಣ್ಣದಾಗಿದ್ದರೆ ಎರಡು ಬಲೆಗಳು ಒಂದರ ಮೇಲೊಂದು ಬಿದ್ದು ಜಗಳವಾಡುತ್ತವೆ.

ಫಿಲ್ಟರ್ ಹಾಕುವ ಮುಂಚಿನ ಪ್ರತಿ ಇದ್ದಿದ್ದರೆ ಹಿಗ್ಗಿಸಿ ಮತ್ತೆ ಚುಕ್ಕಿ ಹಾಕಬಹುದಿತ್ತು. ನನ್ನಲ್ಲಿದ್ದದ್ದು ಗಿಂಪ್ 2.10. ಅದರಲ್ಲಿ ಫಿಲ್ಟರ್ ಹಾಕಿದರೆ ಪದರದಲ್ಲೇ ಇಂಗಿಹೋಗುತ್ತದೆ. ಉಳಿಸಿ ಮುಚ್ಚಿದ ಮೇಲೆ ಹಿಂದಕ್ಕೆ ಹೋಗಲಾಗದು. 2025ರ ಮಾರ್ಚಿನಲ್ಲಿ ಬಂದ 3.0ರಲ್ಲಿ ಫಿಲ್ಟರನ್ನು ಪದರದ ಮೇಲೆ ಬೇರೆಯಾಗಿಯೇ ಇಟ್ಟು, ಬೇಕೆಂದಾಗ ಬದಲಿಸಬಹುದು. ಗಿಂಪನ್ನೇ ಹಿಡಿಯುವವರು ದಯವಿಟ್ಟು ಅದನ್ನೇ ಹಾಕಿಕೊಳ್ಳಿ. ಫೋಟೋಶಾಪಿನಲ್ಲೂ ಪದರವನ್ನು ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಕೆಡದಂತೆ ಕಾಯುವ ಪದರ) ಮಾಡಿ ಕಲರ್ ಹಾಫ್‌ಟೋನ್ ಎಂಬ ಚುಕ್ಕಿ ಫಿಲ್ಟರ್ ಹಾಕಿದರೆ ಹೀಗೇ ಉಳಿಯುತ್ತದೆ. ಆದರೆ ಅಲ್ಲಿಯೂ ಚುಕ್ಕಿಯ ಅಳತೆ ಪಿಕ್ಸೆಲ್ ಲೆಕ್ಕದ್ದು. ಚಿತ್ರ ಹಿಗ್ಗಿಸಿದಾಗ ಅದನ್ನು ಕೈಯಾರೆ ತಿದ್ದಬೇಕು.

ಇಂಕ್‌ಸ್ಕೇಪಿನಲ್ಲಿ ಹಿಗ್ಗಿಸುವ ಈ ತಲೆನೋವು ಹುಟ್ಟುವುದೇ ಇಲ್ಲ. ಅಲ್ಲಿ ಚುಕ್ಕಿ ಎಂದರೆ ಪಿಕ್ಸೆಲುಗಳ ಗುಂಪಲ್ಲ, ಲೆಕ್ಕದಿಂದ ಬರೆದ ನಿಜವಾದ ವೃತ್ತ, ಎ3 ಇರಲಿ ಬಸ್ಸಿನ ಮೈ ಇರಲಿ ಅಂಚು ಮೊನಚಾಗಿಯೇ ಇರುತ್ತದೆ. ಒಂದು ವೃತ್ತ ಬರೆದು, ಟೈಲ್ಡ್ ಕ್ಲೋನ್ಸ್ ಎಂಬ ನಕಲು ಮಾಡುವ ಸೌಲಭ್ಯದಲ್ಲಿ ಸಾಲುಸಾಲಾಗಿ ಹರಡಿ, ಕೆಳಗಿನ ಚಿತ್ರದ ಕಪ್ಪು ಬಿಳುಪಿಗೆ ತಕ್ಕಂತೆ ಗಾತ್ರ ಬದಲಿಸು ಎಂದು ಹೇಳಿದರೆ ನೆರಳು ತಾನಾಗಿ ಚುಕ್ಕಿಯಾಗುತ್ತದೆ. ಅಂತರ ಮಾತ್ರ ಹಿಡಿತದಲ್ಲಿರಲಿ. 24 ಅಡ್ಡ 12 ಸೆಂಟಿಮೀಟರ್ ಬಾನೆಟ್ಟಿಗೆ 3 ಮಿಲಿಮೀಟರ್ ಅಂತರದಲ್ಲಿ 3,200 ವೃತ್ತ ಬೇಕಾದವು. ಒಂದೂವರೆ ಮಿಲಿಮೀಟರಿಗೆ ಇಳಿಸಿ 12,800 ಮಾಡಿದ್ದೇ ನನ್ನ ಲ್ಯಾಪ್‌ಟಾಪ್ ಉಸಿರು ಹಿಡಿದು ನಿಂತಿತು. 3 ಮಿಲಿಮೀಟರೇ ಸಾಕು, ದಪ್ಪ ಚುಕ್ಕಿ ಮುದ್ರಣಕ್ಕೂ ಕ್ಷೇಮ.

ಬಣ್ಣಗಳನ್ನು ಸ್ವಾಚ್ ಆಗಿ, ಅಂದರೆ ಎಲ್ಲ ಆಕಾರಗಳೂ ಹಂಚಿಕೊಳ್ಳುವ ಬಣ್ಣವಾಗಿ ಇಟ್ಟದ್ದರಿಂದ ಇಟ್ಟಿಗೆ ಕೆಂಪನ್ನು ಒಂದು ಕಡೆ ತಿದ್ದಿದರೆ ಗುಡ್ಡ, ಹಿಂದೀಪ, ಅಕ್ಷರ ಎಲ್ಲ ಒಟ್ಟಿಗೆ ಬದಲಾದವು. ನನ್ನ ಹತ್ತಿರ ಡಿಜಿಟಲ್ ಪೆನ್ ಇಲ್ಲ, ಮೌಸೇ ಗತಿ. ಮೌಸಿನಲ್ಲಿ ಕುಂಚ ಆಡಿಸುವುದಕ್ಕಿಂತ ಬಿಂದು ಇಟ್ಟು ಗೆರೆ ಬಗ್ಗಿಸುವುದು ನನ್ನ ಕೈಗೆ ಒಗ್ಗುತ್ತದೆ. ಮಡ್‌ಗಾರ್ಡಿನ ಬಾಗಿಗೆ ನಾಲ್ಕೇ ಬಿಂದು ಸಾಕಾದವು.

ಕನ್ನಡ ಅಕ್ಷರದ ವಿಷಯ: ‘ದೇವರಾಯನದುರ್ಗ’ ಎಂದು ಬರೆದು ನೋಡಿ, ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂತಿತೇ ಎಂದು ಗಮನಿಸಿ. ಗಿಂಪ್, ಇಂಕ್‌ಸ್ಕೇಪ್ ಎರಡರಲ್ಲೂ ‘ಬಲೂ ತಮ್ಮ’ ಎಂಬ ಕನ್ನಡ ಫಾಂಟಿನ ಅಕ್ಷರ ಸರಿಯಾಗಿ ಬಂತು. ಕೊಡುವ ಮುಂಚೆ ಅಕ್ಷರವನ್ನು ಆಕಾರವಾಗಿ ಪರಿವರ್ತಿಸಿ, ಮುದ್ರಣದವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಬೇಕೆಂದಿಲ್ಲ.

ಇಂಕ್‌ಸ್ಕೇಪಿನ ಕೊರತೆ ಬಣ್ಣದ್ದು. ನನ್ನ ಆವೃತ್ತಿಯಿಂದ ಹೊರಬಂದ ಪಿಡಿಎಫ್ ಸಿಎಂವೈಕೆ ಅಲ್ಲ, ಪರದೆಗೆ ಹೊಂದುವ ಆರ್‌ಜಿಬಿ ಬಣ್ಣದ್ದು. ಹಸಿರು ಕಾಗದದ ಮೇಲೆ ಒಂದು ಮಟ್ಟ ಮಂಕಾಯಿತು. ಅಂಗೈ ಅಗಲದ ಮಾದರಿ ಮುದ್ರಿಸಿ ನೋಡಿದ ಮೇಲೆಯೇ ದೊಡ್ಡದಕ್ಕೆ ಹೇಳಿ.

ಫೋಟೊದಂಥ ಸವಕಲು, ಗೀರು, ಕಲೆ ಬೇಕು, ಚಂದಾ ಕಟ್ಟುವ ಶಕ್ತಿಯೂ ಇದೆ ಎಂದರೆ ಫೋಟೋಶಾಪ್. ಕುಂಚದ ಕೈ ಇದ್ದು ಅಳತೆ ಮೊದಲೇ ನಿಕ್ಕಿಯಾಗಿದ್ದರೆ ಗಿಂಪ್. ನನ್ನಂತೆ ಮೌಸ್ ಹಿಡಿದು, ಖರ್ಚಿಲ್ಲದೆ, ಚೌಕಟ್ಟಿನ ಅಳತೆಯನ್ನು ಕೊನೇ ಗಳಿಗೆಯಲ್ಲಿ ಬದಲಿಸುವ ಮನೆಮಂದಿಯ ನಡುವೆ ಕೆಲಸ ಮಾಡುವವರಿಗೆ ಇಂಕ್‌ಸ್ಕೇಪ್.

ಸಮಾರಂಭದ ದಿನ ಮಾವ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಂಪರಿನ ಮೇಲೆ ಬೆರಳಾಡಿಸಿ, “ಎಲ್ಲ ಸರಿಯಪ್ಪ, ನನ್ನ ಗಾಡಿಗೆ ಎಡಗಡೆ ಕನ್ನಡಿ ಇರಲಿಲ್ಲ” ಎಂದರು. ರಾತ್ರಿ ಮನೆಗೆ ಬಂದು ಕಡತ ತೆರೆದು ಕನ್ನಡಿ ಅಳಿಸಿದೆ. ಕೆಳಗಿನ ಬಾಗಿಲೂ ಬಾನೆಟ್ಟಿನ ಅಂಚೂ ಪೂರ್ತಿಯಾಗಿ ಹಾಗೇ ಇದ್ದವು. ಎರಡೇ ನಿಮಿಷದ ಕೆಲಸ. ಮರುದಿನ ಎರಡನೇ ಪ್ರತಿ ಮುದ್ರಿಸಿಕೊಟ್ಟೆ. ಈಗ ಅವರ ನಡುಮನೆಯಲ್ಲಿರುವುದು ಅದೇ.