ಸೂಜಿದಿಂಬಿನ ಹೊಟ್ಟೆಗೆ ಏನು ತುಂಬಿದರೆ ಚೆನ್ನ?

ಕೊಪ್ಪಳದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಷ್ಟು ವರ್ಷ ಸೂಜಿ ಚುಚ್ಚಿಡಲು ಸೋಪಿನ ತುಂಡೇ ಸಾಕಾಗಿತ್ತು. ಹೋದ ವರ್ಷ ಗುಂಡುಸೂಜಿಯೊಂದು ಮಗನ ಅಂಗಾಲಿಗೆ ಹೊಕ್ಕಿತು. ಆಮೇಲೆ ಒಂದೇ ವಾರದಲ್ಲಿ ನಾಲ್ಕು ಸೂಜಿದಿಂಬು ಹೊಲಿದೆ. ಹೊರಬಟ್ಟೆ ಎಲ್ಲಕ್ಕೂ ಒಂದೇ, ಒಳಗೆ ತುಂಬಿದ್ದು ಬೇರೆ ಬೇರೆ: ಅರಳೆ, ತೌಡು, ಮರಳು, ಕುರಿ ಉಣ್ಣೆ.

ಮೊದಲು ಬಟ್ಟೆಯ ಮಾತು. ಬಳ್ಳಾರಿಯಿಂದ ತಂಗಿ ತಂದಿದ್ದ ಜೀನ್ಸ್ ತುಂಡುಗಳಲ್ಲೇ ಪೂರ್ತಿ ಹೊಲಿಯೋಣ ಅಂದುಕೊಂಡೆ. ಸಣ್ಣ ಸೂಜಿ ಬಗ್ಗಿಹೋಯಿತು! ಕೊನೆಗೆ ಬುಡಕ್ಕೆ ಜೀನ್ಸ್, ಮೇಲೆ ಬ್ಲೌಸಿಗೆ ಕತ್ತರಿಸಿ ಮಿಕ್ಕ ಗುಳೇದಗುಡ್ಡ ಖಣ. 5 ಇಂಚಿನ ಎರಡು ಚೌಕ, ಸುತ್ತ ಅರ್ಧ ಇಂಚು ಬಿಟ್ಟು ಹೊಲಿಗೆ, ತುಂಬಲು 2 ಇಂಚಿನ ಬಾಯಿ. ಅಷ್ಟೇ.

ಗಾದಿ ಅಂಗಡಿಯಿಂದ ತಂದ ಅರಳೆ ತುಂಬುವುದು ಸುಲಭ. ಹದಿನೈದೇ ದಿನಕ್ಕೆ ಅದು ಅಮರಿ ಕೂತಿತು. ಗುಂಡುಸೂಜಿ ತಲೆಸಮೇತ ಒಳಗೆ ಮುಳುಗತೊಡಗಿತು. ಮಳೆಗಾಲದಲ್ಲಿ ಅರಳೆ ತೇವ ಹಿಡಿದು ಸೂಜಿಗೆ ತುಕ್ಕು. ಆ ತುಕ್ಕಿನ ಚುಕ್ಕೆ ಗಿರಾಕಿಯ ಬಿಳಿ ಲೈನಿಂಗಿಗೆ ಅಂಟಿತು. ಬೈಸಿಕೊಂಡೆ.

ತೌಡಿಗೇನು ಬರ, ಪಕ್ಕದ ಗಂಗಾವತಿಯಲ್ಲಿ ಎಲ್ಲಿ ನೋಡಿದರೂ ರೈಸ್ ಮಿಲ್ಲು. ಹುಳ ಬೀಳಬಾರದೆಂದು ಬಾಣಲೆಯಲ್ಲಿ ಹುರಿದು, ಆರಿಸಿ, ಒಳಗೊಂದು ತೆಳು ಚೀಲ ಹೊಲಿದು ತುಂಬಿದೆ. ತೌಡಿನಲ್ಲಿ ಎಣ್ಣೆ ಇರುತ್ತದಲ್ವಾ, ಸೂಜಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಭಾರವೂ ಹದವಾಗಿತ್ತು. ಇದೇ ಗೆದ್ದಿತು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಮೂಲೆ ಕಡಿದುಹೋಗಿದೆ, ಮಷಿನ್ ಮೇಲೆಲ್ಲ ತೌಡು. ಇಲಿ.

ಮರಳಿನದು ಕದಲದೆ ಕೂರುತ್ತದೆ. ಹತ್ತು ಸಲ ಚುಚ್ಚಿ ತೆಗೆದರೆ ತುಕ್ಕಿನ ಸೂಜಿಯೂ ಹೊಳೆಯುತ್ತದೆ. ಅಂಗಡಿಯ ಟೊಮ್ಯಾಟೊ ಆಕಾರದ ದಿಂಬಿಗೆ ಪುಟ್ಟ ಸ್ಟ್ರಾಬೆರಿ ನೇತಾಡುತ್ತದಲ್ಲ, ಅದರೊಳಗೆ ಎಮರಿ ಅನ್ನುವ ಗಟ್ಟಿ ಕಲ್ಲಿನ ಪುಡಿ ತುಂಬುವುದು ಇದೇ ಕೆಲಸಕ್ಕೆ. ಆದರೆ ಸೂಜಿಯನ್ನು ಸದಾ ಮರಳಲ್ಲೇ ಇಟ್ಟರೆ ಮೊನೆ ಸವೆಯುತ್ತದೆ. ಚುಚ್ಚುವಾಗ ಕರ್ ಕರ್ ಅನ್ನುವ ಸದ್ದು ಹಲ್ಲಿಗೇ ತಾಕುತ್ತದೆ.

ಉಣ್ಣೆಗೆ ಮೊದಲು ಹಳೆ ಕಂಬಳಿ ಕತ್ತರಿಸಿ ತುಂಬಿದೆ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಗಟ್ಟಿ. ಸೂಜಿ ಹೋಗಲೇ ಇಲ್ಲ. ಆಮೇಲೆ ಕುರಿಗಾರರ ಹತ್ತಿರ ಆಗಷ್ಟೇ ಕತ್ತರಿಸಿದ ಉಣ್ಣೆ ಕೇಳಿ ತಂದೆ. ಸೋಪು ಹಾಕದೆ ಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದೆ. ಸೋಪು ಹಾಕಿದರೆ ಉಣ್ಣೆಯ ಜಿಡ್ಡು ಹೋಗುತ್ತದೆ, ಸೂಜಿಗೆ ತುಕ್ಕು ಹಿಡಿಯದಂತೆ ಕಾಯುವುದೇ ಆ ಜಿಡ್ಡು. ಒಂದು ಮುಷ್ಟಿ ಸಾಕು ಅಂದುಕೊಂಡಿದ್ದೆ, ಮೂರು ಹಿಡಿಸಿತು. ಪೆನ್ಸಿಲ್ಲಿನ ಹಿಂಬದಿಯಿಂದ ಮೂಲೆಗೆಲ್ಲ ಒತ್ತಿ ಒತ್ತಿ ತುಂಬಿದೆ. ಒಂದು ವಾರ ಮನೆಯೆಲ್ಲ ಕುರಿಹಟ್ಟಿ ವಾಸನೆ. ಆದರೆ ಎರಡು ತಿಂಗಳಾದರೂ ದಿಂಬು ಉಬ್ಬಿಕೊಂಡೇ ಇತ್ತು, ಸೂಜಿ ನೆಟ್ಟಗೆ ನಿಂತಿತ್ತು, ತುಕ್ಕಿನ ಸುಳಿವಿಲ್ಲ.

ಹಿಂದೆ ಕೂದಲು ತುಂಬುವ ರೂಢಿಯೂ ಇತ್ತು, ಅದೇ ಜಿಡ್ಡಿನ ಕಾರಣಕ್ಕೆ. ಕೂದಲಿನ ವ್ಯಾಪಾರಕ್ಕೆ ಹೆಸರಾದ ಭಾಗ್ಯನಗರ ನಮಗೆ ಕೂಗಳತೆ ದೂರ. ಆದರೆ ಅತ್ತೆ "ಪರರ ಕೂದಲು ಹೊಸ್ತಿಲು ದಾಟಿದರೆ ನೋಡು" ಅಂದರು. ಸುಮ್ನಾದೆ.

ಉಣ್ಣೆಯ ದಿಂಬಿಗೆ ಒಂದೇ ಕೊರತೆ, ಹಗುರ ಜಾಸ್ತಿ. ಸೂಜಿ ಎಳೆದರೆ ದಿಂಬೂ ಜೊತೆಗೆ ಬರುತ್ತಿತ್ತು. ಮರಳಿನ ದಿಂಬನ್ನು ಬಿಚ್ಚಿ, ಅದರ ಒಳಚೀಲದಲ್ಲಿ ಅರ್ಧ ಮರಳು ಉಳಿಸಿ ಉಣ್ಣೆಯ ಕೆಳಗೆ ಇಟ್ಟು ಬಾಯಿ ಹೊಲಿದೆ. ಈಗ ಮಷಿನ್ ಪಕ್ಕ ಇರುವುದು ಅದೇ. ಅರಳೆಯದನ್ನು ಮಗಳು ಗೊಂಬೆಗೆ ತಲೆದಿಂಬು ಬೇಕೆಂದು ಕೇಳಿದಳು. ಮೂರು ಸಲ ಹಿಸುಕಿ ನೋಡಿ ಕೊಡಲು ಹೊರಟೆ. ಮೂರನೇ ಸಲಕ್ಕೆ ಒಂದು ಗುಂಡುಸೂಜಿ ಸಿಕ್ಕಿತು.