ಆಲ್ಟರ್ ಮಾಡಿಸೋದಾ, ಹೊಲಿಗೆ ಕಲಿಯೋದಾ?

ಬಾಗಲಕೋಟೆ ನವನಗರದಲ್ಲಿ ನಾನು ಟೇಲರ್‌ಗೆ ಕೊಡುವ ರೇಟು ಹೀಗಿದೆ. ಜಂಪರ್ (ರವಿಕೆ) ಸಡಿಲ ಮಾಡಲು 40 ರೂಪಾಯಿ, ಪ್ಯಾಂಟಿನ ಉದ್ದ ಕಡಿಮೆ ಮಾಡಲು 60, ಝಿಪ್ ಬದಲಿಸಲು 80, ಸೀರೆಗೆ ಫಾಲ್ (ದಡಿಯ ಒಳಗೆ ಹೊಲಿಯುವ ಪಟ್ಟಿ), ಪಿಕೋ (ಅಂಚಿಗೆ ಹಾಕುವ ಮಷಿನ್ ಹೊಲಿಗೆ) ಸೇರಿ 120. ತುಂಬಿದ ಮನೆ ನಮ್ಮದು. ತಿಂಗಳಿಗೆ ಹತ್ತಿರ ಹತ್ತಿರ 250 ರೂಪಾಯಿ ಇದಕ್ಕೇ ಹೋಗುತ್ತಿತ್ತು. "ಅಷ್ಟು ಕೊಡೋದಕ್ಕಿಂತ ನೀನೇ ಕಲಿತುಬಿಡವಾ" ಅಂತ ಅತ್ತೆ ಹೇಳಿದರು. ಕಲಿತೆ. ಟೇಲರ್ ಅಂಗಡಿ, ಸ್ವಂತ ಮಷಿನ್, ಬರೀ ಸೂಜಿ-ದಾರ, ಮೂರನ್ನೂ ಬಳಸಿ ನೋಡಿದ್ದೇನೆ. ಆಲ್ಟರ್ ದುಡ್ಡು ಉಳಿಸೋದೊಂದೇ ಗುರಿಯಾಗಿದ್ದರೆ ಮಷಿನ್ ತಗೋಬೇಡಿ.

ಲೆಕ್ಕ ನೋಡಿ. ಹಳೆ ಕಾಲು ಮಷಿನ್‌ಗೆ 4,000 ಕೊಟ್ಟೆ. ಹೊಲಿಗೆ ಕ್ಲಾಸಿಗೆ ಮೂರು ತಿಂಗಳಿಗೆ 3,000. ಕತ್ತರಿ, ಟೇಪು, ಬಾಬಿನ್, ದಾರ ಅಂತ 500. ಒಟ್ಟು 7,500. ತಿಂಗಳಿಗೆ 250 ಪೂರ್ತಿ ಉಳಿದರೂ ಹಾಕಿದ ದುಡ್ಡು ಮರಳಲು ಎರಡೂವರೆ ವರ್ಷ ಬೇಕು. ಆದರೆ ಪೂರ್ತಿ ಉಳಿಯೋದಿಲ್ಲ. ಜೀನ್ಸ್, ಝಿಪ್, ಭುಜ ಇಳಿಸೋದು ಇವೆಲ್ಲ ಈಗಲೂ ಟೇಲರ್ ಕಾಕಾನ ಕೈಗೇ ಹೋಗುತ್ತವೆ. ಜೀನ್ಸಿನ ಪಕ್ಕದ ಹೊಲಿಗೆ ಕೆಳಗಿನ ಮಡಿಕೆಗೆ ಬಂದು ಕೂಡುವ ಕಡೆ ಬಟ್ಟೆ ಅಷ್ಟೊಂದು ಮಡಿಕೆ ಇರುತ್ತದೆ. ಮನೆ ಮಷಿನ್‌ಗೆ ಸಾಮಾನ್ಯವಾಗಿ ಹಾಕುವ 14 ನಂಬರ್ ಸೂಜಿ ಅಲ್ಲಿ ನಿಲ್ಲೋದಿಲ್ಲ. ಭುಜ ಇಳಿಸಬೇಕಂದ್ರೆ ತೋಳು ಬಿಚ್ಚಿ, ಕಂಕುಳ ತಿರುವು ಮತ್ತೆ ಕತ್ತರಿಸಬೇಕು. ಅದಕ್ಕೆ ವರ್ಷಗಟ್ಟಲೆ ಕೈ ಪಳಗಿರಬೇಕು. ಕಾಕಾ ಅದಕ್ಕೆ ಕೇಳುವ ದುಡ್ಡು ಕಡಿಮೆಯೇ ಅನ್ನೋದು ಕಲಿತ ಮೇಲೆ ನನಗೆ ಗೊತ್ತಾಯಿತು.

ಟೇಲರ್ ಅಂಗಡಿಯಲ್ಲಿ ನಿಜವಾದ ತೊಂದರೆ ಕಾಯೋದು. ನಾಗರ ಪಂಚಮಿ ಹತ್ತಿರ ಬಂತು, ಮದುವೆ ಸೀಸನ್ ಶುರುವಾಯಿತು ಅಂದ್ರೆ ಹೊಸ ಬಟ್ಟೆಯ ರಾಶಿಯ ಕೆಳಗೆ ನಮ್ಮ 40 ರೂಪಾಯಿ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಸಹಜ ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಉಳಿಸಿಕೊಟ್ಟದ್ದು ಸೂಜಿ-ದಾರ ಮತ್ತು ಒಂದು ಬ್ಲೇಡು. ಹೊಲಿಸಿದ ಜಂಪರ್ ಒಂದನ್ನು ತಿರುವಿ ನೋಡಿ. ಪಕ್ಕದಲ್ಲಿ ಕಾಲಿಂಚು ಅಂತರದಲ್ಲಿ ಎರಡೋ ಮೂರೋ ಹೊಲಿಗೆ ಸಾಲು ಇರುತ್ತವೆ. ಒಳ್ಳೆ ಟೇಲರ್ ಮುಂದೆ ಸಡಿಲ ಮಾಡಲಿ ಅಂತಲೇ ಅವನ್ನು ಹಾಕಿರುತ್ತಾರೆ. ಮೈಗೆ ಹತ್ತಿರದ ಸಾಲನ್ನು ಬಿಚ್ಚಿದರೆ ಸಾಕು, ಹೊಸದಾಗಿ ಹೊಲಿಯುವುದು ಏನೂ ಇಲ್ಲ. ನಾಲ್ಕೈದು ಹೊಲಿಗೆಗೆ ಒಂದರಂತೆ ಬ್ಲೇಡಿನ ತುದಿಯಿಂದ ಮೇಲಿನ ದಾರ ಕತ್ತರಿಸಿ, ಬಟ್ಟೆ ತಿರುಗಿಸಿ ಕೆಳಗಿನ ದಾರ ಎಳೆಯಿರಿ. ಒಂದೇ ಎಳೆಯಾಗಿ ಬರುತ್ತದೆ. ಒಂದು ಸಾಲಿಗೆ ಮುಂಭಾಗದಲ್ಲಿ ಕಾಲು, ಹಿಂಭಾಗದಲ್ಲಿ ಕಾಲು ಅಂತ ಪ್ರತಿ ಪಕ್ಕ ಅರ್ಧ ಇಂಚು, ಎರಡೂ ಪಕ್ಕ ಸೇರಿ ಒಂದು ಇಂಚು ಸಿಗುತ್ತದೆ. ಆಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದರೆ ಸೂಜಿಯ ತೂತುಗಳು ಹೆಚ್ಚುಕಡಿಮೆ ಮುಚ್ಚುತ್ತವೆ. ಬಹಳ ತೊಳೆದ ಜಂಪರ್ ಆದರೆ ಒಳಗಿದ್ದ ಬಟ್ಟೆಯ ಬಣ್ಣ ಗಾಢವಾಗಿ ಕಾಣುತ್ತದೆ, ಅದಕ್ಕೆ ಉಪಾಯ ಇಲ್ಲ.

ಫಾಲ್ ಕೂಡ ಕೈ ಹೊಲಿಗೆಯದೇ ಕೆಲಸ. ಇಳಕಲ್ ಸೀರೆಗೆ ನಾನು ಮಷಿನ್ ಹೊಲಿಗೆ ಹಾಕಿಸೋದೇ ಇಲ್ಲ. ಫಾಲ್ ಹತ್ತಿಯದು, ಮೊದಲ ಒಗೆತಕ್ಕೆ ಕುಗ್ಗುತ್ತದೆ. ದಡಿ ಅಷ್ಟು ಕುಗ್ಗೋದಿಲ್ಲ. ಹಿಂದಿನ ರಾತ್ರಿ ಫಾಲ್ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹೊಲಿದರೆ ದಡಿ ಸುಕ್ಕಾಗೋದಿಲ್ಲ. ಪಿಕೋ ಮಾತ್ರ ಅಂಗಡಿಯಲ್ಲೇ ಮಾಡಿಸಿ.

ಹಾಗಾದ್ರೆ ಮಷಿನ್ ಸುಮ್ನೆನಾ? ಅಲ್ಲ. ಹೊಸ ಬಟ್ಟೆ ಹೊಲಿಯುವವರಿಗೆ ಅದು ಬೇಕೇ ಬೇಕು. ಲೈನಿಂಗ್ ಜಂಪರ್‌ಗೆ ಇಲ್ಲಿ 350 ತಗೋತಾರೆ. ನನಗೆ ಲೈನಿಂಗ್ ಬಟ್ಟೆ, ಹುಕ್ಕು, ದಾರ ಸೇರಿ 80 ಬೀಳುತ್ತದೆ. ಅದಕ್ಕಿಂತ ದೊಡ್ಡದು, ಒಳಗೆ ಎಷ್ಟು ಬಟ್ಟೆ ಬಿಡಬೇಕು ಅನ್ನೋದು ನಮ್ಮ ಕೈಯಲ್ಲಿರುತ್ತದೆ. ಗುಳೇದಗುಡ್ಡದ ಖಣದಂಥ ಕಡಿಮೆ ಅಗಲದ ಬಟ್ಟೆಯಲ್ಲಿ ಕತ್ತರಿಸುವಾಗಲೇ ಒಳಗೆ ಬಿಡದಿದ್ದರೆ ಮುಂದೆ ಯಾರೂ ಸಡಿಲ ಮಾಡಲಾರರು. ಬೆಳೆಯುವ ಹುಡುಗಿಯರಿಗೆ ಹೊಲಿಯುವಾಗ ನಾನು ಪಕ್ಕಕ್ಕೆ ಒಂದೂವರೆ ಇಂಚು ಬಿಟ್ಟೇ ಕತ್ತರಿ ಹಾಕುತ್ತೇನೆ.

ಹಳ್ಳಿಯ ಯುವತಿಯರು ಕ್ಲಾಸಿಗೆ ದುಡ್ಡು ಕೊಡುವ ಮೊದಲು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. ಅಲ್ಲಿ ತರಬೇತಿ ಉಚಿತ, ಊಟ-ವಸತಿಯೂ ಅವರದೇ. ಮಷಿನ್ ಬೇಡ ಅನ್ನುವವರು ಮುಂದಿನ ಸಲ ಜಂಪರ್ ಕೊಡುವಾಗ "ಪಕ್ಕಕ್ಕೆ ಮೂರು ಸಾಲು ಹಾಕ್ರಿ, ಬಟ್ಟೆ ಒಳಗೇ ಬಿಡ್ರಿ" ಅಂತ ಹೇಳಿ. ಅದಕ್ಕೆ ಬೇರೆ ದುಡ್ಡು ನನಗಂತೂ ಯಾರೂ ಕೇಳಿಲ್ಲ.